ಫೆಬ್ರವರಿ ಬಂತು, ಪ್ಲಾಟ್ ಇನ್ನೂ ಕೆಸರು: ಏನು ಸವರಬೇಕು, ಏನು ಮುಟ್ಟಬಾರದು?

ಓದುಗರ ಪ್ರಶ್ನೆ: ನಮಸ್ತೆ ಮೇಡಂ. ನಾವಿರೋದು ಲಂಡನ್‌ನ ಹ್ಯಾರೋದಲ್ಲಿ. ತುಂಬಾ ವರ್ಷ ವೇಟಿಂಗ್ ಲಿಸ್ಟ್‌ನಲ್ಲಿದ್ದು ಹೋದ ಅಕ್ಟೋಬರ್‌ನಲ್ಲಿ ಅಲಾಟ್‌ಮೆಂಟ್‌ನಲ್ಲಿ (ತರಕಾರಿ ಬೆಳೆಯೋಕೆ ಬಾಡಿಗೆಗೆ ಕೊಡೋ ಜಾಗ) ಅರ್ಧ ಪ್ಲಾಟ್ ಸಿಕ್ತು, ಆದ್ರೆ ಆವಾಗಿಂದ ಬರೀ ಮಳೆ ಚಳಿ, ಏನೂ ಮಾಡೋಕಾಗ್ಲಿಲ್ಲ. ಹಿಂದಿನವರು ಬಿಟ್ಟುಹೋಗಿರೋ ಎರಡು ಹಣ್ಣಿನ ಮರ ಇದೆ, ಒಂದು ಆಪಲ್ ಇನ್ನೊಂದು ಪ್ಲಮ್ ಅಂತಾರೆ, ಎಲೆ ಇಲ್ದೆ ನನಗೆ ಎರಡೂ ಒಂದೇ ತರ ಕಾಣುತ್ತೆ. ಒಂದು ಸಾಲು ರಾಸ್ಪ್‌ಬೆರಿ, ಎರಡು ಮೂರು ಯಾವುದೋ ಬೆರಿ ಪೊದೆ. ಪಕ್ಕದ ಪ್ಲಾಟ್‌ನ ಅಜ್ಜ ಮಾರ್ಚ್ ಒಳಗೆ ಎಲ್ಲಾ ಕತ್ತರಿಸಿಬಿಡು ಅಂತಾರೆ, ಎದುರಿನವರು ಏನೂ ಮುಟ್ಟಬೇಡ ಮರ ಸಾಯುತ್ತೆ ಅಂತಾರೆ. ಮಿಕ್ಕ ಜಾಗ ಪೂರ್ತಿ ಕಳೆ, ಕೆಳಗೆ ಜೇಡಿಮಣ್ಣು, ಬೂಟು ಹೂತುಹೋಗುತ್ತೆ. ರೋಟವೇಟರ್ ಬಾಡಿಗೆಗೆ ತಂದು ಒಂದೇ ಸಲ ಹೊಡೆಸಿಬಿಡೋಣ ಅಂತ ನಮ್ಮೆಜಮಾನ್ರು. ಹಾಸನದಿಂದ ಅಮ್ಮ ಫೋನ್ ಮಾಡಿ ಶಿವರಾತ್ರಿ ಬಂತು ಇನ್ನೂ ಬೀಜ ಹಾಕಿಲ್ವೇನೇ ಅಂತಾರೆ, ಅಪ್ಪ ಕೊಂಬೆ ಕತ್ತರಿಸಿದ ಕಡೆ ಬೋರ್ಡೋ ಪೇಸ್ಟ್ ಹಚ್ಚು ಅಂತಾರೆ. ಈಗ ಕಮಿಟಿಯಿಂದ ಪ್ಲಾಟ್ ಕಲ್ಟಿವೇಟ್ ಆಗಿಲ್ಲ ಅಂತ ಇಮೇಲ್ ಬೇರೆ ಬಂದಿದೆ. ನನಗೆ ಮುಖ್ಯವಾಗಿ ಬೇಕಿರೋದು ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಆಮೇಲೆ ಅವರೆಕಾಯಿ. ಲೇಟ್ ಆಗೋಯ್ತಾ?

ಉತ್ತರ:

ಲೇಟ್ ಆಗಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆ ಪೂರ್ತಿ ಇರೋದು ಆ ಒಂದೇ ಗಾಬರಿ, ಫೆಬ್ರವರಿ ಬಂತು ಅಂದ್ರೆ ಹೊಸದಾಗಿ ಪ್ಲಾಟ್ ತಗೊಂಡಿರೋ ನಮ್ಮವರೆಲ್ಲರೂ ನನಗೆ ಕೇಳೋದೂ ಇದನ್ನೇ. ಈ ತಿಂಗಳು ಬಿಟ್ಟರೆ ಕೈತಪ್ಪಿ ಹೋಗೋ ಕೆಲಸ ನಿಜವಾಗ್ಲೂ ಕೆಲವೇ ಇರೋದು. ಆಪಲ್ ಮರ ಸವರೋದು, ಬೆರಿ ಪೊದೆಗಳನ್ನ ಸವರೋದು, ಮನೆಯೊಳಗೆ ಮೆಣಸಿನಕಾಯಿ ಬದನೆ ಬೀಜ ಹಾಕೋದು, ಬಿತ್ತನೆ ಆಲೂಗಡ್ಡೆ ಮೊಳಕೆಗೆ ಇಡೋದು. ಮಿಕ್ಕಿದ್ದೆಲ್ಲ ಮಣ್ಣು ಬಿಸಿಯಾಗೋವರೆಗೂ ಕಾಯುತ್ತೆ, ಕಾಯಲೇಬೇಕು. ಇಂಗ್ಲೆಂಡ್‌ನ ಫೆಬ್ರವರಿ ಕತ್ತರಿಸೋ ಮತ್ತು ಮುಚ್ಚೋ ತಿಂಗಳು, ಅಗೆಯೋ ಬಿತ್ತೋ ತಿಂಗಳಲ್ಲ.

ಅಮ್ಮ ಹೇಳೋದು ಹಾಸನಕ್ಕೆ ಸರಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನೋದು ನಮ್ಮೂರಲ್ಲಿ ಬಹುಪಾಲು ಹಾಗೇ ಆಗುತ್ತೆ. ಹ್ಯಾರೋದಲ್ಲಿ ಆಗಲ್ಲ. ಹಾಸನ ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿ ಡಿಸೆಂಬರ್‌ನಲ್ಲೂ ಹಗಲು 11 ಗಂಟೆ ಮೇಲಿರುತ್ತೆ, ಲಂಡನ್ 51 ಡಿಗ್ರಿ ದಾಟಿದೆ, ಇಲ್ಲಿ ಫೆಬ್ರವರಿ ಮಧ್ಯಕ್ಕೆ ಹಗಲು ಈಗಷ್ಟೇ 10 ಗಂಟೆ ಮುಟ್ತಿದೆ. ಹೊರಗಿನ ಮಣ್ಣು ಇನ್ನೂ 5, 6 ಡಿಗ್ರಿ ಆಸುಪಾಸಿನಲ್ಲೇ ಇರುತ್ತೆ, ಆ ತಣ್ಣಗಿನ ಒದ್ದೆ ಮಣ್ಣಲ್ಲಿ ಬೀಜ ಹಾಕಿದ್ರೆ ಮೊಳೆಯೋಕೆ ಮುಂಚೆ ಕೊಳೆಯುತ್ತೆ, ಇಲ್ಲಾ ಇಲಿ ತಿನ್ನುತ್ತೆ. ಕೊನೇ ಫ್ರಾಸ್ಟ್, ಅಂದ್ರೆ ಇಬ್ಬನಿ ಹೆಪ್ಪುಗಟ್ಟೋ ಚಳಿ, ನಿಮ್ಮ ಕಡೆ ಏಪ್ರಿಲ್ ಕೊನೆವರೆಗೂ ಬರಬಹುದು, ಕೆಲವು ವರ್ಷ ಮೇ ಮಧ್ಯದವರೆಗೂ. ಮೆಣಸಿನ ಸಸಿಗೆ ಒಂದೇ ಒಂದು ರಾತ್ರಿ ಫ್ರಾಸ್ಟ್ ಸಾಕು, ಬೆಳಗ್ಗೆ ನೋಡಿದ್ರೆ ಕಪ್ಪಾಗಿ ಜೋತುಬಿದ್ದಿರುತ್ತೆ.

ಈಗ ಮರಗಳಿಗೆ ಬರೋಣ, ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ ಯಾಕಂದ್ರೆ ಇಲ್ಲಿ ತಪ್ಪಾದ್ರೆ ಸರಿಮಾಡೋಕೆ ವರ್ಷಗಳೇ ಹಿಡಿಯುತ್ತೆ.

ನಿಮ್ಮ ಪಕ್ಕದ ಅಜ್ಜ ಹೇಳಿದ್ದೂ ಸರಿ, ಎದುರಿನವರು ಹೇಳಿದ್ದೂ ಸರಿ, ಆದ್ರೆ ಒಬ್ಬರ ಮಾತು ಒಂದು ಮರಕ್ಕೆ, ಇನ್ನೊಬ್ಬರದು ಇನ್ನೊಂದು ಮರಕ್ಕೆ. ಆಪಲ್, ಪೇರ್ ಇವೆರಡನ್ನ ಎಲೆ ಉದುರಿ ಮರ ಮಲಗಿರೋ ಕಾಲದಲ್ಲಿ, ಅಂದ್ರೆ ನವೆಂಬರ್‌ನಿಂದ ಮಾರ್ಚ್ ಮೊದಲ ಭಾಗದ ಒಳಗೆ ಸವರಬೇಕು. ಪ್ಲಮ್, ಚೆರ್ರಿ ಇವನ್ನ ಚಳಿಗಾಲದಲ್ಲಿ ಮುಟ್ಟಲೇಬಾರದು. ಕಾರಣ ಸಿಲ್ವರ್ ಲೀಫ್ ಅನ್ನೋ ಶಿಲೀಂಧ್ರ ರೋಗ. ಅದರ ಬೀಜಾಣುಗಳು ಗಾಳಿಯಲ್ಲಿ ಜಾಸ್ತಿ ಹರಡೋದೇ ತೇವ ಇರೋ ಶರತ್ಕಾಲ ಚಳಿಗಾಲದಲ್ಲಿ, ಹೊಸದಾಗಿ ಕೊಯ್ದ ಗಾಯದ ಮೂಲಕ ಒಳಗೆ ಹೋಗ್ತಾವೆ. ಮರಕ್ಕೆ ಒಂದು ಸಲ ಹತ್ತಿದ್ರೆ ಎಲೆ ಬೆಳ್ಳಿ ಬಣ್ಣಕ್ಕೆ ತಿರುಗುತ್ತೆ, ಆ ಕೊಂಬೆ ಕಡಿದು ನೋಡಿದ್ರೆ ಒಳಗೆ ಕಂದು ಕಲೆ, ಆಮೇಲೆ ಕೊಂಬೆ ಕೊಂಬೆಯಾಗಿ ಒಣಗುತ್ತಾ ಬರುತ್ತೆ, ಔಷಧಿ ಅಂತ ಏನೂ ಇಲ್ಲ. ಬ್ಯಾಕ್ಟೀರಿಯಲ್ ಕ್ಯಾಂಕರ್ ಅನ್ನೋ ತೊಗಟೆ ರೋಗಾನೂ ಇದೇ ದಾರೀಲಿ ಬರುತ್ತೆ. ಹಾಗಾಗಿ ಪ್ಲಮ್‌ಗೆ ಜೂನ್‌ನಿಂದ ಆಗಸ್ಟ್ ಒಳಗೆ ಒಂದು ಒಣ ದಿನ ನೋಡಿ ಕತ್ತರಿ ಹಾಕೋದು, ಆಗ ಮರ ಜೀವಂತವಾಗಿ ಓಡ್ತಿರುತ್ತೆ, ಗಾಯ ಬೇಗ ಮುಚ್ಕೊಳ್ಳುತ್ತೆ. ಗಾಳಿಗೆ ಮುರಿದು ನೇತಾಡ್ತಿರೋ ಕೊಂಬೆ ಏನಾದ್ರೂ ಇದ್ರೆ ಮಾತ್ರ ಈಗ ಅದೊಂದನ್ನ ನೀಟಾಗಿ ತೆಗೀರಿ, ಸಿಗಿದಿರೋ ಗಾಯ ಬಿಡೋದಕ್ಕಿಂತ ಅದು ವಾಸಿ.

ಯಾವುದು ಯಾವ ಮರ ಅಂತ ಎಲೆ ಇಲ್ದೇನೂ ಗೊತ್ತುಮಾಡ್ಕೋಬಹುದು. ಹಳೇ ಕೊಂಬೆ ಹತ್ರ ಹೋಗಿ ನೋಡಿ. ಆಪಲ್ ಆದ್ರೆ ಗಂಟುಗಂಟಾಗಿರೋ ಗಿಡ್ಡ ಮೋಟು ಕಡ್ಡಿಗಳು ಸಾಲಾಗಿ ಇರ್ತಾವೆ, ಅವುಗಳ ತುದೀಲಿ ದಪ್ಪ ಮೊಗ್ಗು, ಹೆಬ್ಬೆರಳಲ್ಲಿ ಮುಟ್ಟಿದ್ರೆ ಬೂದು ಬಣ್ಣದ ನುಣುಪು ಕೂದಲು ಕೈಗೆ ಗೊತ್ತಾಗುತ್ತೆ. ಅದು ಹೂಮೊಗ್ಗು, ಮುಂದಿನ ಸೆಪ್ಟೆಂಬರ್‌ನ ಹಣ್ಣು ಅದರೊಳಗೇ ಇರೋದು. ಕಡ್ಡಿಗೆ ಅಂಟಿಕೊಂಡು ಚಪ್ಪಟೆಯಾಗಿ ಚಿಕ್ಕದಾಗಿರೋದು ಎಲೆಮೊಗ್ಗು. ಪ್ಲಮ್‌ನ ಮೊಗ್ಗು ಸಣ್ಣದು, ಚೂಪಾಗಿರುತ್ತೆ, ಕೆಲವು ಕಡೆ ಎರಡು ಮೂರು ಒಟ್ಟಿಗೇ ಗುಂಪಾಗಿರ್ತಾವೆ. ಇನ್ನೊಂದು ಗುರುತು, ಹಳೇ ಗಾಯದ ಹತ್ರ ಅರಿಶಿನ ಕಂದು ಬಣ್ಣದ ಗೋಂದು ಒಸರಿ ಗಟ್ಟಿಯಾಗಿದ್ರೆ ಅದು ಪ್ಲಮ್ ಅಥವಾ ಚೆರ್ರಿ ಜಾತಿಯದ್ದೇ, ಆಪಲ್ ಹಾಗೆ ಗೋಂದು ಸುರಿಸಲ್ಲ. ಇಷ್ಟು ನೋಡಿದ ಮೇಲೂ ಅನುಮಾನ ಇದ್ರೆ ಈ ವರ್ಷ ಬಿಟ್ಟುಬಿಡಿ. ಒಂದು ವರ್ಷ ಸವರದೇ ಇದ್ದ ಆಪಲ್ ಮರಕ್ಕೆ ಏನೂ ಆಗಲ್ಲ, ಚಳಿಗಾಲದಲ್ಲಿ ಸವರಿದ ಪ್ಲಮ್ ಮರ ಸತ್ತೇಹೋಗಬಹುದು.

ಆಪಲ್ ಅಂತ ಖಚಿತ ಆಯ್ತು ಅಂದ್ಕೊಳ್ಳಿ. ಕತ್ತರಿ ಹಿಡಿದು ಶುರು ಮಾಡೋ ಮುಂಚೆ ಮರದ ಸುತ್ತ ಒಂದು ಸುತ್ತು ಬನ್ನಿ. ಮೊದಲು ಒಣಗಿದ್ದು, ರೋಗ ಬಂದಿದ್ದು, ಮುರಿದಿದ್ದು ತೆಗೀರಿ. ರೋಗ ಅಂದ್ರೆ ಮುಖ್ಯವಾಗಿ ಕ್ಯಾಂಕರ್, ತೊಗಟೆ ಸುತ್ತುಸುತ್ತಾಗಿ ಸೀಳಿ ಒಳಗೆ ಕುಸಿದಿರುತ್ತೆ, ಅದಕ್ಕಿಂತ ಕೆಳಗೆ ಒಳ್ಳೇ ಮರ ಸಿಗೋವರೆಗೂ ಕತ್ತರಿಸಿ. ಆಮೇಲೆ ಒಂದಕ್ಕೊಂದು ಉಜ್ಜಾಡೋ ಕೊಂಬೆಗಳಲ್ಲಿ ಒಂದನ್ನ ತೆಗೀರಿ, ನಡುವೆ ಬೆಳಕು ಬೀಳಲಿ ಅಂತ ಒಳಮುಖ ಬೆಳೆದಿರೋದನ್ನ ತೆಗೀರಿ. ಅಲ್ಲಿಗೆ ನಿಲ್ಲಿಸಿ. ವರ್ಷಗಟ್ಟಲೆ ಬಿಟ್ಟಿರೋ ಮರ ನೋಡಿದಾಗ ಎಲ್ಲಾ ಒಂದೇ ದಿನ ಸರಿಮಾಡಿಬಿಡೋಣ ಅನ್ಸುತ್ತೆ, ಆದ್ರೆ ಒಂದು ಚಳಿಗಾಲದಲ್ಲಿ ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬಾರದು. ಬೇರು ಅಷ್ಟೇ ಇದೆ, ಮೇಲೆ ಕೊಂಬೆ ಕಮ್ಮಿ ಆಯ್ತು, ಆಗ ಮರ ಆ ಶಕ್ತಿಯನ್ನೆಲ್ಲ ಹಾಕಿ ನೆಟ್ಟಗೆ ಮೇಲಕ್ಕೆ ಹೋಗೋ ಉದ್ದುದ್ದ ಕಡ್ಡಿಗಳನ್ನ ಬಿಡುತ್ತೆ, ವಾಟರ್ ಶೂಟ್ಸ್ ಅಂತಾರೆ, ಅದರಲ್ಲಿ ಹಣ್ಣು ಬರೋಕೆ ವರ್ಷಗಳು ಬೇಕು. ಮೂರು ವರ್ಷಕ್ಕೆ ಹಂಚ್ಕೊಳ್ಳಿ. ದಪ್ಪ ಕೊಂಬೆ ಆದ್ರೆ ಮೊದಲು ಕೆಳಗಡೆಯಿಂದ ಸ್ವಲ್ಪ ಗರಗಸ ಹಾಕಿ ಆಮೇಲೆ ಮೇಲಿಂದ ಕೊಯ್ಯಿರಿ, ಇಲ್ದಿದ್ರೆ ಭಾರಕ್ಕೆ ಬೀಳುವಾಗ ಕಾಂಡದ ತೊಗಟೆ ಉದ್ದಕ್ಕೂ ಕಿತ್ಕೊಂಡು ಬರುತ್ತೆ. ಕಾಂಡಕ್ಕೆ ಸೇರೋ ಜಾಗದಲ್ಲಿ ಸ್ವಲ್ಪ ಉಬ್ಬಿದ ಬಳೆ ತರ ಇರುತ್ತಲ್ಲ, ಅದನ್ನ ಬಿಟ್ಟು ಅದರ ಹೊರಗಡೆಗೇ ಕೊಯ್ಯಬೇಕು. ಗಾಯ ಮುಚ್ಚೋ ಹೊಸ ತೊಗಟೆ ಹುಟ್ಟೋದೇ ಆ ಬಳೆಯಿಂದ.

ಅದಕ್ಕೇ ಬೋರ್ಡೋ ಪೇಸ್ಟ್ ಇಲ್ಲಿ ಬೇಡ. ಅಪ್ಪ ಹೇಳಿದ್ದು ಆಧಾರ ಇಲ್ದೆ ಹೇಳಿದ್ದಲ್ಲ, ನಮ್ಮ ಕಡೆ ದಾಳಿಂಬೆ, ಮಾವು ಸವರಿದ ಮೇಲೆ ಮೈಲುತುತ್ತ ಸುಣ್ಣದ ಪೇಸ್ಟ್ ಹಚ್ಚೋದು ರೂಢಿ, ಮಳೆಗಾಲದ ಶಿಲೀಂಧ್ರಕ್ಕೆ ಅದು ಕೆಲಸ ಮಾಡುತ್ತೆ ಕೂಡ. ಆದ್ರೆ ಬ್ರಿಟನ್‌ನಲ್ಲಿ ಮನೆತೋಟದವರಿಗೆ ಬೋರ್ಡೋ ಮಿಶ್ರಣ ಮಾರಾಟವೇ ಇಲ್ಲ, ಮನೇಲಿ ಕಲಸಿ ಹೊಡೆಯೋದಕ್ಕೂ ಕಾನೂನಲ್ಲಿ ಅವಕಾಶ ಇಲ್ಲ. ಅಂಗಡೀಲಿ ಗಾಯಕ್ಕೆ ಹಚ್ಚೋ ಪೇಂಟ್ ಅಂತ ಸಿಗುತ್ತಲ್ಲ, ಆಪಲ್‌ಗೆ ಅದೂ ಬೇಡ, ಅದು ತೇವವನ್ನ ಒಳಗೇ ಹಿಡಿದಿಡುತ್ತೆ. ಸರಿಯಾದ ಜಾಗದಲ್ಲಿ ನೀಟಾಗಿ ಕೊಯ್ದು ತೆರೆದೇ ಬಿಡಿ. ಕತ್ತರಿ ಗರಗಸ ಮಾತ್ರ ಒಂದು ಮರದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಸ್ಪಿರಿಟ್‌ನಲ್ಲಿ ಒರೆಸ್ಕೊಳ್ಳಿ.

ರಾಸ್ಪ್‌ಬೆರಿ ವಿಷಯದಲ್ಲಿ ಎಲ್ಲರೂ ಎಡವೋ ಜಾಗ ಒಂದೇ. ಅದರಲ್ಲಿ ಎರಡು ಜಾತಿ. ಶರತ್ಕಾಲದಲ್ಲಿ ಹಣ್ಣು ಬಿಡೋದು, 'ಆಟಮ್ ಬ್ಲಿಸ್' ತರದ್ದು, ಈ ವರ್ಷ ಹುಟ್ಟಿದ ಕಡ್ಡಿಯಲ್ಲೇ ಈ ವರ್ಷ ಹಣ್ಣು ಬಿಡುತ್ತೆ, ಹಾಗಾಗಿ ಅದನ್ನ ಫೆಬ್ರವರಿಯಲ್ಲಿ ನೆಲಮಟ್ಟಕ್ಕೆ ಪೂರ್ತಿ ಕತ್ತರಿಸಬೇಕು, ಒಂದು ಕಡ್ಡೀನೂ ಬಿಡಬೇಡಿ. ಬೇಸಿಗೆಯಲ್ಲಿ ಹಣ್ಣು ಬಿಡೋ ಜಾತಿ ಹೋದ ವರ್ಷ ಹುಟ್ಟಿದ ಕಡ್ಡಿಯಲ್ಲಿ ಈ ವರ್ಷ ಬಿಡೋದು, ಅದನ್ನ ನೆಲಮಟ್ಟಕ್ಕೆ ಕತ್ತರಿಸಿದ್ರೆ ಗಿಡ ಸಾಯಲ್ಲ, ಆದ್ರೆ ಈ ವರ್ಷದ ಹಣ್ಣು ಹೋಯ್ತು. ಈಗ ನಿಮ್ಮ ಸಾಲು ನೋಡಿ, ತಂತಿ ಕಟ್ಟಿ ಕಡ್ಡಿಗಳನ್ನ ಅದಕ್ಕೆ ಬಿಗಿದಿದ್ರೆ ಬಹುಶಃ ಬೇಸಿಗೆ ಜಾತಿ. ಬಹುತೇಕ ಎಲ್ಲಾ ಕಡ್ಡಿಗಳ ತುದೀಲೂ ಒಣಗಿದ ಹಣ್ಣಿನ ತೊಟ್ಟುಗಳ ಗೊಂಚಲು ಇನ್ನೂ ಅಂಟಿಕೊಂಡಿದ್ರೆ ಶರತ್ಕಾಲದ ಜಾತಿ. ಬೇಸಿಗೆ ಜಾತಿಯಲ್ಲಿ ಎರಡು ತರ ಕಡ್ಡಿ ಕಾಣುತ್ತೆ, ಬೂದು ಬಣ್ಣಕ್ಕೆ ತಿರುಗಿ ಸಿಪ್ಪೆ ಏಳ್ತಿರೋ, ಒಣ ಪಕ್ಕಕಡ್ಡಿಗಳಿರೋ ಹಳೇದು, ಅದು ಹೋದ ವರ್ಷವೇ ಹಣ್ಣು ಬಿಟ್ಟು ಮುಗಿಸಿದೆ, ಅದನ್ನ ತೆಗೀರಿ, ಇನ್ನೊಂದು ಕವಲಿಲ್ದೆ ನೆಟ್ಟಗಿರೋ ಕಂದು ಬಣ್ಣದ ಹೊಸದು, ಅದನ್ನ ಉಳಿಸಿ. ಗುರುತೇ ಸಿಗ್ಲಿಲ್ಲ ಅಂದ್ರೆ ಅರ್ಧ ಸಾಲು ಕತ್ತರಿಸಿ ಅರ್ಧ ಬಿಡಿ. ಜುಲೈನಲ್ಲಿ ಬಿಟ್ಟ ಅರ್ಧದಲ್ಲಿ ಹಣ್ಣು ಬಂತಾ, ಸೆಪ್ಟೆಂಬರ್‌ನಲ್ಲಿ ಕತ್ತರಿಸಿದ ಅರ್ಧದಲ್ಲಿ ಬಂತಾ ಅಂತ ನೋಡಿದ್ರೆ ಉತ್ತರ ಗಿಡವೇ ಕೊಡುತ್ತೆ.

ಪೊದೆಗಳಿಗೆ ಇನ್ನೂ ಸುಲಭದ ಪರೀಕ್ಷೆ ಇದೆ, ಮೂಗು. ಒಂದು ಕಡ್ಡಿ ಉಗುರಲ್ಲಿ ಕೆರೆದು ಮೂಸಿ. ಘಾಟು ವಾಸನೆ ಹೊಡೆದ್ರೆ ಬ್ಲ್ಯಾಕ್‌ಕರೆಂಟ್, ಏನೂ ವಾಸನೆ ಇಲ್ಲ ಅಂದ್ರೆ ರೆಡ್‌ಕರೆಂಟ್ ಅಥವಾ ವೈಟ್‌ಕರೆಂಟ್, ಕೈಗೆ ಮುಳ್ಳು ಚುಚ್ಚಿದ್ರೆ ಗೂಸ್‌ಬೆರಿ. ಬ್ಲ್ಯಾಕ್‌ಕರೆಂಟ್ ಹಣ್ಣು ಬಿಡೋದು ಜಾಸ್ತಿಯಾಗಿ ಹೊಸ ಕಡ್ಡಿಯಲ್ಲಿ, ಹಾಗಾಗಿ ಬುಡದಲ್ಲಿ ಕಪ್ಪಾಗಿ ದಪ್ಪಗಿರೋ ಹಳೇ ಕಡ್ಡಿಗಳಲ್ಲಿ ಮೂರರಲ್ಲಿ ಒಂದು ಭಾಗ ನೆಲಮಟ್ಟಕ್ಕೆ ತೆಗೀರಿ. ರೆಡ್‌ಕರೆಂಟ್, ಗೂಸ್‌ಬೆರಿ ಉಲ್ಟಾ, ಹಳೇ ಕಡ್ಡಿಯ ಮೇಲೇ ಹಣ್ಣು, ಹಾಗಾಗಿ ಮುಖ್ಯ ಕೊಂಬೆ ಉಳಿಸಿ, ಹೋದ ವರ್ಷ ಬೆಳೆದ ತುದಿ ಅರ್ಧದಷ್ಟು ಕತ್ತರಿಸಿ, ಪಕ್ಕಕಡ್ಡಿಗಳನ್ನ ಎರಡು ಮೂರು ಕಣ್ಣು ಬಿಟ್ಟು ಮೋಟು ಮಾಡಿ. ಬ್ಲ್ಯಾಕ್‌ಕರೆಂಟ್‌ನಲ್ಲಿ ಕೆಲವು ಮೊಗ್ಗು ಮಾತ್ರ ಅಸಹಜವಾಗಿ ಉಬ್ಬಿ ಗುಂಡಗೆ ಕಂಡ್ರೆ ಅದು ಬಿಗ್ ಬಡ್ ಮೈಟ್, ಕಣ್ಣಿಗೆ ಕಾಣದ ನುಸಿ, ವೈರಸ್ ರೋಗಾನೂ ಅದೇ ಹರಡೋದು. ನಾಲ್ಕಾರು ಇದ್ರೆ ಚಿವುಟಿ ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ಪೊದೆ ಪೂರ್ತಿ ಹಾಗೇ ಇದ್ರೆ ಕಿತ್ತು ಬಿಸಾಕಿ, ಬೇರೆ ಜಾಗದಲ್ಲಿ ಹೊಸದು ನೆಡೋದೇ ಒಳ್ಳೇದು.

ಕತ್ತರಿಸಿದ ರಾಶಿಗೆ ಬೆಂಕಿ ಹಚ್ಚೋ ಯೋಚನೆ ಇದ್ರೆ ಮೊದಲು ಸೈಟ್‌ನ ರೂಲ್ಸ್ ನೋಡಿ, ಹಚ್ಚೋ ದಿನವೇ ರಾಶಿಯನ್ನ ಬೇರೆ ಕಡೆಗೆ ಸರಿಸಿ ಹಚ್ಚಿ, ಹೆಡ್ಜ್‌ಹಾಗ್‌ಗಳು ಅದರಡಿ ಮಲಗಿರ್ತಾವೆ.

ಇನ್ನು ರೋಟವೇಟರ್. ದಯವಿಟ್ಟು ಬೇಡ, ಯಜಮಾನ್ರಿಗೂ ಹೇಳಿ. ಎರಡು ಕಾರಣ. ಹ್ಯಾರೋ ಕಡೆ ಇರೋದು ಲಂಡನ್ ಕ್ಲೇ, ಒದ್ದೆ ಇದ್ದಾಗ ಅದರ ಮೇಲೆ ಮೆಷಿನ್ ಓಡಿಸಿದ್ರೆ ಬ್ಲೇಡಿನ ಕೆಳಗಿನ ಪದರ ಸವರಿ ಗಾರೆ ಹಾಕಿದಂಗೆ ಆಗುತ್ತೆ, ನೀರು ಇಳಿಯಲ್ಲ, ಬೇರು ಇಳಿಯಲ್ಲ, ಮೇಲಿನದು ಒಣಗಿದಾಗ ಕಲ್ಲಿನಂಥ ಹೆಂಟೆ. ಎರಡನೇದು ಕಳೆ. ಹಿಂದಿನವರು ಬಿಟ್ಟುಹೋದ ಪ್ಲಾಟ್ ಅಂದ್ರೆ ಕೌಚ್ ಗ್ರಾಸ್ ಮತ್ತೆ ಬೈಂಡ್‌ವೀಡ್ ಇದ್ದೇ ಇರ್ತಾವೆ, ಮೊದಲನೇದು ನಮ್ಮ ಗರಿಕೆ ಹಾಗೆ ನೆಲದೊಳಗೇ ಹರಿಯುತ್ತೆ, ಎರಡನೇದು ಬಿಳೀ ದಾರದಂಥ ಬೇರು ಬಿಟ್ಟು ಸಿಕ್ಕಿದ್ದನ್ನೆಲ್ಲ ಸುತ್ಕೊಂಡು ಹತ್ತುತ್ತೆ. ಇವೆರಡೂ ತುಂಡಾದಷ್ಟೂ ಜಾಸ್ತಿ ಆಗೋವು. ಒಂದು ಬೇರನ್ನ ರೋಟವೇಟರ್ ನೂರು ಚೂರು ಮಾಡಿದ್ರೆ ಮೇ ತಿಂಗಳಿಗೆ ನೂರು ಗಿಡ. ಹೊಡೆಸಿದ ವಾರ ಪ್ಲಾಟ್ ಚೆನ್ನಾಗಿ ಕಾಣುತ್ತೆ ಅನ್ನೋದೇ ಇದರಲ್ಲಿರೋ ಮೋಸ.

ಹದ ನೋಡೋದು ನಿಮಗೆ ಅಮ್ಮನೇ ಹೇಳಿಕೊಟ್ಟಿರ್ತಾರೆ. ಒಂದು ಹಿಡಿ ಮಣ್ಣು ತಗೊಂಡು ಅಮುಕಿ, ಹೆಬ್ಬೆರಳಲ್ಲಿ ಒತ್ತಿ. ಪುಡಿಯಾಗಿ ಒಡೆದ್ರೆ ಕೆಲಸ ಮಾಡಬಹುದು. ರಾಗಿ ಮುದ್ದೆ ತರ ಉಂಡೆಯಾಗಿ ಮೇಲೆ ಹೊಳಪು ಬಂದ್ರೆ ಇನ್ನೂ ಕಾಯಿರಿ, ಅಲ್ಲೀತನಕ ಅದರ ಮೇಲೆ ಓಡಾಡಲೂ ಬೇಡಿ, ಮರಗಳ ಹತ್ರ ಹೋಗೋಕೆ ಒಂದು ಅಗಲವಾದ ಹಲಗೆ ಹಾಕ್ಕೊಂಡು ಅದರ ಮೇಲೆ ನಿಲ್ಲಿ.

ಹಾಗಾದ್ರೆ ಏನು ಮಾಡೋದು ಅಂದ್ರೆ ನಿಮ್ಮ ಮುಂದೆ ಮೂರು ದಾರಿ ಇದೆ. ಒಂದು, ಕಪ್ಪು ಹೊದಿಕೆ ಅಥವಾ ದಪ್ಪ ಪ್ಲಾಸ್ಟಿಕ್ ಹಾಸಿ ಬೆಳಕು ತಡೆದು ಕಳೆ ಸಾಯಿಸೋದು. ಖರ್ಚು ಕಮ್ಮಿ, ಶ್ರಮ ಕಮ್ಮಿ, ಆದ್ರೆ ಬೈಂಡ್‌ವೀಡ್‌ಗೆ ಒಂದು ಪೂರ್ತಿ ಬೆಳೆಗಾಲ ಬೇಕು, ಕೆಲವು ಸಲ ಎರಡು. ಹಳೇ ಕಾರ್ಪೆಟ್ ಹಾಸೋದನ್ನ ಒಂದು ಕಾಲದಲ್ಲಿ ಎಲ್ಲರೂ ಮಾಡ್ತಿದ್ರು, ಈಗ ಎಷ್ಟೋ ಸೈಟ್‌ಗಳಲ್ಲಿ ಅದು ನಿಷೇಧ, ಅದರ ದಾರ ಕೆಮಿಕಲ್ ಎಲ್ಲ ಮಣ್ಣಿಗೆ ಬಿಡುತ್ತೆ. ಎರಡು, ಕಳೆ ಮೇಲೇ ದಪ್ಪ ಕಾರ್ಡ್‌ಬೋರ್ಡ್ ಅಂಚಿಗೆ ಅಂಚು ಚೆನ್ನಾಗಿ ಮೇಲುಮೇಲೆ ಬರೋ ಹಾಗೆ ಹಾಸಿ, ಟೇಪು ಪಿನ್ನು ಕಿತ್ತುಹಾಕಿ, ಮೇಲೆ 10 ರಿಂದ 15 ಸೆಂಟಿಮೀಟರ್ ಕಾಂಪೋಸ್ಟ್ ಹರಡಿ ಅದರಲ್ಲೇ ನೆಡೋದು. ಇದು ಅಗೆಯದೇ ಮಾಡೋ ವಿಧಾನ, ಸೋಮರ್‌ಸೆಟ್‌ನ ಚಾರ್ಲ್ಸ್ ಡೌಡಿಂಗ್ ಅವರಿಂದಾಗಿ ಇಲ್ಲಿ ಮನೆಮಾತಾಗಿದೆ, ಜೇಡಿಮಣ್ಣಿಗೆ ನನಗೆ ತುಂಬಾ ಇಷ್ಟ, ಯಾಕಂದ್ರೆ ಒದ್ದೆ ಇದ್ದಾಗಲೂ ಮೇಲಿಂದ ಕೆಲಸ ಮಾಡಬಹುದು. ತೊಂದರೆ ಅಂದ್ರೆ ಅಷ್ಟು ಕಾಂಪೋಸ್ಟ್‌ಗೆ ದುಡ್ಡಾಗುತ್ತೆ. ಮೂರು, ಏಪ್ರಿಲ್‌ನಲ್ಲಿ ಮಣ್ಣು ಹದಕ್ಕೆ ಬಂದ ಮೇಲೆ ಫೋರ್ಕ್‌ನಲ್ಲಿ ಅಗೆದು ಬೇರನ್ನ ಕೈಯಲ್ಲಿ ಆರಿಸೋದು, ಚಿಕ್ಕ ಜಾಗಕ್ಕೆ ಇದೇ ಖಚಿತ, ದೊಡ್ಡ ಜಾಗಕ್ಕೆ ಸೊಂಟ ಹೋಗುತ್ತೆ. ಪೂರ್ತಿ ಪ್ಲಾಟ್ ಹಳೇ ಲೆಕ್ಕದಲ್ಲಿ 10 ರಾಡ್, ಅಂದ್ರೆ ಸುಮಾರು 250 ಚದರ ಮೀಟರ್, ನಿಮ್ಮದು ಅರ್ಧ ಅಂದ್ರೆ 125. ನಾನಾಗಿದ್ರೆ ಅದರಲ್ಲಿ ಮೂರನೇ ಒಂದು ಭಾಗಕ್ಕೆ ಕಾರ್ಡ್‌ಬೋರ್ಡ್ ಕಾಂಪೋಸ್ಟ್ ಹಾಕಿ ಈ ವರ್ಷದ ತರಕಾರಿ ಅಲ್ಲೇ ಮಾಡಿ, ಮಿಕ್ಕಿದ್ದಕ್ಕೆ ಕಪ್ಪು ಹೊದಿಕೆ ಹಾಕಿ ಮುಂದಿನ ವರ್ಷಕ್ಕೆ ಬಿಡ್ತೀನಿ.

ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ, ಇದನ್ನ ಯಾರೂ ಹೊಸಬರಿಗೆ ಹೇಳಲ್ಲ. ಕುದುರೆ ಲಾಯದ ಗೊಬ್ಬರ ಫ್ರೀಯಾಗಿ ಕೊಡ್ತೀವಿ ಅಂತ ಬರ್ತಾರೆ, ಒಳ್ಳೇದೇ, ಆದ್ರೆ ಕುದುರೆ ತಿಂದ ಹುಲ್ಲಿಗೆ ಅಮಿನೋಪೈರಾಲಿಡ್ ಅನ್ನೋ ಕಳೆನಾಶಕ ಹೊಡೆದಿದ್ರೆ ಅದು ಕುದುರೆಯ ಹೊಟ್ಟೆ ದಾಟಿ ಗೊಬ್ಬರದಲ್ಲೂ ಉಳಿದಿರುತ್ತೆ. 2008ರಲ್ಲಿ ಈ ದೇಶದ ಎಷ್ಟೋ ಅಲಾಟ್‌ಮೆಂಟ್‌ಗಳಲ್ಲಿ ಆಲೂಗಡ್ಡೆ, ಟೊಮೆಟೊ, ಬೀನ್ಸ್ ಎಲ್ಲ ಎಲೆ ಮುರುಟಿ ಹಾಳಾಗಿದ್ದು ಇದರಿಂದಲೇ. ಪರೀಕ್ಷೆ ಸುಲಭ, ಆ ಗೊಬ್ಬರ ಕಲಸಿದ ಕುಂಡದಲ್ಲಿ ನಾಲ್ಕು ಬ್ರಾಡ್ ಬೀನ್ಸ್ (ನಮ್ಮ ಅವರೆ ಅಲ್ಲ, ಫಾವಾ ಬೀನ್ಸ್ ಅನ್ನೋ ದಪ್ಪ ಕಾಳು) ಹಾಕಿ, ಗೊಬ್ಬರ ಇಲ್ಲದ ಕುಂಡದಲ್ಲಿ ನಾಲ್ಕು ಹಾಕಿ, ಒಂದು ತಿಂಗಳು ನೋಡಿ. ಗೊಬ್ಬರದ ಕುಂಡದಲ್ಲಿ ಎಲೆ ಬಟ್ಟಲಾಗಿ ಮುದುಡಿದ್ರೆ ಆ ಗೊಬ್ಬರ ಪ್ಲಾಟ್ ಒಳಗೆ ಬಿಡಬೇಡಿ. ಸುಣ್ಣ ಹಾಕೋದಾದ್ರೆ ಮಣ್ಣಿನ ಪಿಎಚ್ ಪರೀಕ್ಷೆ ಮಾಡಿಯೇ ಹಾಕಿ, ಕೋಸು ಬೆಳೆಯೋ ಜಾಗಕ್ಕೆ ಮಾತ್ರ, ಹಸಿ ಗೊಬ್ಬರದ ಜೊತೆ ಒಟ್ಟಿಗೆ ಬೇಡ, ಆಲೂಗಡ್ಡೆ ಪಾತಿಗಂತೂ ಬೇಡ, ಗಡ್ಡೆಗೆ ಕಜ್ಜಿ ಬರುತ್ತೆ.

ಆಲೂಗಡ್ಡೆ ಅಂದಮೇಲೆ ಹಾಸನದವರಿಗೆ ನಾನು ಹೇಳೋದೇನಿದೆ, ನಿಮ್ಮೂರಲ್ಲಿ ಬಿತ್ತನೆ ಗಡ್ಡೆ ಜಲಂಧರ್‌ನಿಂದ ಬರೋದನ್ನ ನೀವು ನೋಡೇ ಇರ್ತೀರ. ಇಲ್ಲೂ ಅದೇ ಪಾಠ, ಸರ್ಟಿಫೈಡ್ ಬಿತ್ತನೆ ಗಡ್ಡೆ ಮಾತ್ರ ತಗೊಳ್ಳಿ, ಸೂಪರ್‌ಮಾರ್ಕೆಟ್ ಆಲೂಗಡ್ಡೆ ಮೊಳಕೆ ಬಂತು ಅಂತ ಹಾಕಬೇಡಿ, ಅದರಲ್ಲಿ ವೈರಸ್ಸೋ ಅಂಗಮಾರಿಯೋ ಇದ್ರೆ ಸೈಟ್‌ನವರಿಗೆಲ್ಲ ಹರಡುತ್ತೆ. ಈಗಲೇ ಮೊಟ್ಟೆ ಟ್ರೇನಲ್ಲಿ ಕಣ್ಣು ಜಾಸ್ತಿ ಇರೋ ತುದಿ ಮೇಲೆ ಮಾಡಿ, ಬೆಳಕು ಇರೋ ಆದ್ರೆ ತಣ್ಣಗಿರೋ ರೂಮಲ್ಲಿ, ಸುಮಾರು 10 ಡಿಗ್ರಿ ಸಾಕು, ಇಟ್ಟುಬಿಡಿ. ಗಿಡ್ಡ, ದಪ್ಪ, ಹಸಿರು ನೇರಳೆ ಮೊಳಕೆ ಬಂದ್ರೆ ಸರಿ, ಬಿಳೀ ಉದ್ದ ಮೊಳಕೆ ಬಂದ್ರೆ ಬೆಳಕು ಸಾಲ್ತಿಲ್ಲ ಅಂತ. ಬೇಗ ಬರೋ ಫಸ್ಟ್ ಅರ್ಲಿ ತಳಿಗಳನ್ನ ಮಾರ್ಚ್ ಕೊನೆಗೆ ನೆಡಬಹುದು. ತಡವಾಗಿ ಬರೋ ಮೇನ್‌ಕ್ರಾಪ್ ತಳಿಗಳಿಗೆ ಈ ಮೊಳಕೆ ಕೆಲಸ ಕಡ್ಡಾಯ ಏನಲ್ಲ, ಏಪ್ರಿಲ್‌ನಲ್ಲಿ ನೇರ ನೆಟ್ಟರೂ ಬರುತ್ತೆ. ಅಂಗಮಾರಿ ಇಲ್ಲಿ ಸಾಮಾನ್ಯವಾಗಿ ಜುಲೈ ಆಗಸ್ಟ್‌ನಲ್ಲಿ ಹೊಡೆಯುತ್ತೆ, ಅಷ್ಟರಲ್ಲಿ ಅರ್ಲಿ ಗಡ್ಡೆ ಕಿತ್ತು ಮುಗಿದಿರುತ್ತೆ, ಅದಕ್ಕೇ ಮೊದಲ ವರ್ಷ ಅರ್ಲಿಗಳನ್ನೇ ಹಾಕಿ ಅಂತೀನಿ. ಮೇನ್‌ಕ್ರಾಪ್ ಬೇಕೇ ಬೇಕು ಅಂದ್ರೆ 'ಸಾರ್ಪೋ ಮೀರಾ' ಅಂಗಮಾರಿಯನ್ನ ಚೆನ್ನಾಗಿ ತಡ್ಕೊಳ್ಳುತ್ತೆ.

ಮೆಣಸಿನಕಾಯಿ, ಬದನೆ ಬೀಜಕ್ಕೆ ಇದೇ ಸಮಯ, ಆದ್ರೆ ಮನೆಯೊಳಗೆ. ಮೊಳೆಯೋಕೆ 20 ಡಿಗ್ರಿ ಮೇಲೆ ಬೇಕು, 25ರ ಹತ್ರ ಇದ್ರೆ ಇನ್ನೂ ಒಳ್ಳೇದು, ಒಂದರಿಂದ ಮೂರು ವಾರ ತಗೊಳ್ಳುತ್ತೆ. ರೇಡಿಯೇಟರ್ ಮೇಲೆ ನೇರ ಇಡಬೇಡಿ, ಹಗಲು ಸುಟ್ಟು ರಾತ್ರಿ ತಣ್ಣಗಾಗುತ್ತೆ, ಚಿಕ್ಕ ಹೀಟೆಡ್ ಪ್ರಾಪಗೇಟರ್ (ಬೀಜ ಮೊಳೆಸೋ ಬಿಸಿ ಪೆಟ್ಟಿಗೆ) ಇದ್ರೆ ನೆಮ್ಮದಿ. ನಿಜವಾದ ಕಷ್ಟ ಬೀಜ ಮೊಳೆತ ಮೇಲೆ ಶುರು, ಫೆಬ್ರವರಿ ಬೆಳಕು ಸಾಲಲ್ಲ, ಸಸಿ ಕಿಟಕಿ ಕಡೆ ವಾಲ್ಕೊಂಡು ದಾರದ ಹಾಗೆ ಉದ್ದ ಆಗಿ ಬೀಳುತ್ತೆ. ಒಂದು ಸಾಧಾರಣ ಎಲ್ಇಡಿ ಗ್ರೋ ಲೈಟ್ ತಗೊಂಡು ದಿನಕ್ಕೆ 14 ಗಂಟೆ ಕೊಡಿ, ಅದಾಗಲ್ಲ ಅಂದ್ರೆ ಮಾರ್ಚ್ ಮೊದಲ ವಾರ ಬಿತ್ತಿ, ಬೆಳಕಿಲ್ಲದ ಫೆಬ್ರವರಿ ಸಸಿಗಿಂತ ಮಾರ್ಚ್ ಸಸಿ ಗಟ್ಟಿ ಇರುತ್ತೆ. ರಾತ್ರಿ ಕರ್ಟನ್ ಮತ್ತು ಗಾಜಿನ ನಡುವೆ ಸಸಿ ಬಿಡಬೇಡಿ, ಅಲ್ಲಿ ಫ್ರಿಜ್‌ನಷ್ಟೇ ಚಳಿ. ಬದನೆಯನ್ನ ಹ್ಯಾರೋದಲ್ಲಿ ಬಯಲಲ್ಲಿ ಬೆಳೆಯೋದು ಜೂಜು, ಗ್ರೀನ್‌ಹೌಸ್ ಅಥವಾ ಪಾಲಿಟನಲ್ (ಪ್ಲಾಸ್ಟಿಕ್ ಹೊದಿಸಿದ ಕಮಾನು ಮನೆ) ಇದ್ರೆ ಮಾತ್ರ ಭರವಸೆ, ಬೇಗ ಬರೋ ತಳಿ ಆರಿಸ್ಕೊಳ್ಳಿ. ಮೆಣಸಿನಕಾಯಿ ಹಸಿರಾಗಿ ಕೊಯ್ಯೋಕಾದ್ರೆ ಮನೆಯ ಬಿಸಿಲು ಕಿಟಕೀಲೂ ಬರುತ್ತೆ. ಊರಿಂದ ಬರುವಾಗ ಬ್ಯಾಗಲ್ಲಿ ಬೀಜ ತರೋ ಅಭ್ಯಾಸ ನಮ್ಮವರಿಗೆಲ್ಲ ಇದೆ, ಈಗ ಅದಕ್ಕೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದ್ರೆ ರೋಗ ಕೀಟ ಇಲ್ಲ ಅನ್ನೋ ಸರ್ಕಾರಿ ಪತ್ರ, ಕೇಳ್ತಾರೆ, ಟೊಮೆಟೊ ಮೆಣಸಿನ ಬೀಜದಲ್ಲಿ ಒಂದು ಕೆಟ್ಟ ವೈರಸ್ ದೇಶದಿಂದ ದೇಶಕ್ಕೆ ಹೋಗ್ತಿರೋದರಿಂದ ಅವಕ್ಕಂತೂ ಕಟ್ಟುನಿಟ್ಟು. ಇಲ್ಲಿನ ಬೀಜದ ಕಂಪನಿಗಳಲ್ಲೇ ನಮ್ಮ ತರಕಾರಿಗಳ ಬೀಜ ಈಗ ಸಾಕಷ್ಟು ಸಿಗುತ್ತೆ. ಮೆಂತ್ಯ, ಕೊತ್ತಂಬರಿ, ಪಾಲಕ್ ಮಾರ್ಚ್ ಕೊನೆಗೆ ಹೊರಗೆ ಹಾಕಬಹುದು, ದಂಟು ಹರಿವೆ ಮೇ ಕೊನೆಗೆ ಮುಂಚೆ ಬೇಡ.

ಅವರೆ ಬಗ್ಗೆ ಬೇಜಾರಾಗೋ ಸುದ್ದಿ. ನಮ್ಮ ನಾಟಿ ಅವರೆ ಹಗಲು ಗಿಡ್ಡ ಆದಮೇಲೇ ಹೂ ಬಿಡೋ ಗಿಡ, ಅದಕ್ಕೇ ಊರಲ್ಲಿ ಅದು ಇಬ್ಬನಿ ಕಾಲದ ಬೆಳೆ. ಇಂಗ್ಲೆಂಡ್‌ನಲ್ಲಿ ಜೂನ್ ಜುಲೈನಲ್ಲಿ ಹಗಲು 16 ಗಂಟೆ, ಗಿಡ ಬಳ್ಳಿಯಾಗಿ ಸೊಂಪಾಗಿ ಬೆಳೆಯುತ್ತೆ, ಹೂವೇ ಬಿಡಲ್ಲ, ಸೆಪ್ಟೆಂಬರ್ ಕೊನೆಗೆ ಹಗಲು 12 ಗಂಟೆಗೆ ಇಳಿದಾಗ ಹೂ ಬಿಡೋಕೆ ಮನಸ್ಸು ಮಾಡುತ್ತೆ, ಕಾಯಿ ಕಟ್ಟೋ ಅಷ್ಟರಲ್ಲಿ ಚಳಿ ಬಂದು ಮುಗಿಸುತ್ತೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಇವು ಹಗಲಿನ ಉದ್ದ ಲೆಕ್ಕಿಸದೆ ಹೂ ಬಿಡೋ ಗಿಡ್ಡ ತಳಿಗಳು, ಬೀಜ ಕಾನೂನು ಪ್ರಕಾರ ಸಿಕ್ಕಿದ್ರೆ ಪಾಲಿಟನಲ್ ಒಳಗೆ ಪ್ರಯತ್ನ ಮಾಡಬಹುದು, ಬಿಸಿ ಮಾತ್ರ ಬೇಕೇ ಬೇಕು.

ಅಲ್ಲೀವರೆಗೆ ಬ್ರಾಡ್ ಬೀನ್ಸ್ ಹಾಕಿ. ಫೆಬ್ರವರಿ ಕೊನೆಯಲ್ಲಿ ಚಿಕ್ಕ ಕುಂಡಗಳಲ್ಲಿ ಮನೆ ಹೊರಗಿನ ಯಾವುದಾದ್ರೂ ಮರೆಯಲ್ಲಿ ಬಿತ್ತಿ, ಬಿಸಿ ಬೇಡ ಅದಕ್ಕೆ, ಮಾರ್ಚ್ ಕೊನೆಗೆ ಕಾರ್ಡ್‌ಬೋರ್ಡ್ ಪಾತಿಗೆ ನೆಟ್ಟುಬಿಡಿ. ಜೂನ್‌ಗೆ ಕಾಯಿ ಸಿಗುತ್ತೆ. ಕಾಳು ಬಿಡಿಸಿ ಎರಡು ನಿಮಿಷ ಬಿಸಿನೀರಿಗೆ ಹಾಕಿ ತೆಗೆದು ಬೆರಳಲ್ಲಿ ಹಿತುಕಿದ್ರೆ ಒಳಗಿಂದ ಹಸಿರು ಬೇಳೆ ಜಾರಿ ಬರುತ್ತೆ, ಹಿತಕಿದ ಬೇಳೆ ಸಾರಿಗೆ ಅದನ್ನೇ ಹಾಕಿ, ಸೊಗಡು ಇರಲ್ಲ, ರುಚಿ ಚೆನ್ನಾಗೇ ಇರುತ್ತೆ. ಮನೇಲಿ ಯಾರಿಗಾದ್ರೂ ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡೋ ಕಿಣ್ವ) ಕೊರತೆ ಇದೆ ಅಂತ ಡಾಕ್ಟರ್ ಹೇಳಿದ್ರೆ ಮಾತ್ರ ಬ್ರಾಡ್ ಬೀನ್ಸ್ ಅವರಿಗೆ ಕೊಡಬೇಡಿ, ಅದು ರಕ್ತಕ್ಕೆ ಅಪಾಯ ಮಾಡುತ್ತೆ.

ಕಮಿಟಿ ಇಮೇಲ್‌ಗೆ ಹೆದರಬೇಡಿ, ಆದ್ರೆ ಉತ್ತರ ಕೊಡದೆ ಬಿಡಲೂಬೇಡಿ. ಅವರಿಗೂ ವೇಟಿಂಗ್ ಲಿಸ್ಟ್‌ನಲ್ಲಿರೋ ಜನ ಕೇಳ್ತಿರ್ತಾರೆ. ಮೊದಲು ನಿಮ್ಮ ಟೆನೆನ್ಸಿ ಅಗ್ರಿಮೆಂಟ್‌ನಲ್ಲಿ ಮೊದಲ ವರ್ಷ ಎಷ್ಟು ಭಾಗ ಕಲ್ಟಿವೇಟ್ ಆಗಿರಬೇಕು, ಕಪ್ಪು ಹೊದಿಕೆ ಹಾಕಿದ್ದು ಲೆಕ್ಕಕ್ಕೆ ಬರುತ್ತಾ ಅಂತ ಓದಿ, ಸೈಟ್‌ನಿಂದ ಸೈಟ್‌ಗೆ ಇದು ಬೇರೆ. ಆಮೇಲೆ ಸೈಟ್ ಸೆಕ್ರೆಟರಿಗೆ ನಾಲ್ಕು ಸಾಲು ಬರೀರಿ, ಅಕ್ಟೋಬರ್‌ನಲ್ಲಿ ತಗೊಂಡಿದ್ದು, ಮಣ್ಣು ನೀರು ನಿಂತಿದೆ, ಈ ತಿಂಗಳು ಆಪಲ್ ಮತ್ತೆ ಬೆರಿ ಸವರ್ತಾ ಇದೀನಿ, ಮೂರನೇ ಒಂದು ಭಾಗ ಕಾರ್ಡ್‌ಬೋರ್ಡ್ ಕಾಂಪೋಸ್ಟ್, ಮಿಕ್ಕಿದ್ದು ಹೊದಿಕೆ, ಮಾರ್ಚ್ ಕೊನೆಗೆ ಆಲೂಗಡ್ಡೆ ಬ್ರಾಡ್ ಬೀನ್ಸ್ ನೆಡ್ತೀನಿ ಅಂತ. ಹೊದಿಕೆ ಹಾಸಿದ ದಿನ, ಮರ ಸವರಿದ ದಿನ ಒಂದೊಂದು ಫೋಟೋ ತೆಗೆದು ಜೊತೆಗೆ ಕಳಿಸಿ. ಪ್ಲಮ್ ಮರ ಯಾಕೆ ಹಾಗೇ ಬಿಟ್ಟಿದ್ದೀರ ಅಂತ ಯಾರಾದ್ರೂ ಕೇಳಿದ್ರೆ ಸಿಲ್ವರ್ ಲೀಫ್ ಅಂತ ಒಂದು ಮಾತು ಹೇಳಿ ಸಾಕು, ಹಣ್ಣಿನ ಮರ ಗೊತ್ತಿರೋ ಸೆಕ್ರೆಟರಿ ಆದ್ರೆ ಮತ್ತೆ ಕೇಳಲ್ಲ.